ಧಾರೆ ಸೀರೆಯ ಬಣ್ಣ

ನನ್ನ ಗಂಡನ ಸೋದರಮಾವ ಜವಳಿ ಪರೀಕ್ಷೆ ಮಾಡುವುದನ್ನು ನೀವು ನೋಡಬೇಕಿತ್ತು. ಅಬ್ಬಬ್ಬಾ, ಅದೇನು ಗತ್ತು! ನನ್ನ ಮದುವೆಗೆ ಧಾರೆ ಸೀರೆ ತರಲು ಎರಡೂ ಕಡೆಯವರು ಸಾಲಿಗ್ರಾಮದ ಸಾಹೇಬರ ಅಂಗಡಿಗೆ ಹೋಗಿದ್ದೆವು. ಅಜ್ಜಿ ಹಟ ಹಿಡಿದು ನನ್ನನ್ನೂ ಕರೆದೊಯ್ದಿದ್ದಳು. ಗಂಡಿನ ಕಡೆಗೆ ದೊಡ್ಡ ಮನುಷ್ಯರೆಂದರೆ ಈ ಮಾವನೇ. ಕೆಂಪು ಸೀರೆಯೊಂದನ್ನು ಎಳೆದುಕೊಂಡರು. ಹೆಗಲ ಮೇಲಿನ ಬಿಳಿ ಶಲ್ಯದ ತುದಿಯನ್ನು ಬೆರಳಿಗೆ ಸುತ್ತಿ, ಸೆರಗಿನ ಮೇಲೆ ಗಸಗಸ ಉಜ್ಜಿ, ಬೆಳಕಿಗೆ ಹಿಡಿದು, "ನೋಡ್ಕೊಳ್ಳಿ, ಚೂರೂ ಬಣ್ಣ ಬುಡಲ್ಲ" ಅಂದರು. ಒಣ ಬಟ್ಟೆಯಲ್ಲಿ ಉಜ್ಜಿದರೆ ಎಲ್ಲಿಂದ ಬಿಟ್ಟೀತು?

ಅಜ್ಜಿ ಮೆಲ್ಲಗೆ, "ಒಸಿ ಒದ್ದೆ ಮಾಡ್ಕಂಡು ಉಜ್ಜಿ ನೋಡಿ ಕಣಪ್ಪ" ಅಂದಳು.

"ಧಾರೆಗೆ ಮುಂಚೆ ಆ ಸೀರೆಗೆ ಯಾರಾದ್ರೂ ನೀರು ಸೋಕಿಸ್ತಾರೇನಮ್ಮ? ಅಷ್ಟೂ ಶಾಸ್ತ್ರ ಗೊತ್ತಿಲ್ವಾ ನಿಮ್ಮನೇಲಿ?"

ಹೆಣ್ಣಿನ ಕಡೆಯವಳು, ಅಜ್ಜಿ ಸೀರೆಯಿಂದ ಕೈ ಹಿಂದೆಗೆದಳು. ಶಾಸ್ತ್ರವಂತೆ, ಅವರ ತಲೆ! ಅದೇ ಬಣ್ಣದ ರವಿಕೆ ಕಣವನ್ನೂ ಅವರೇ ಆರಿಸಿ ಕಟ್ಟಿಸಿದರು.

ಮದುವೆಯ ದಿನ ನಮ್ಮಿಬ್ಬರ ಕೈ ಕೂಡಿಸಿ ಹಾಲು ನೀರು ಎರೆದರು. ನೀರು ಮೊಣಕೈಯಿಂದ ಇಳಿದು ಸೆರಗು ತೋಯಿಸಿತು. ಸೆರಗಿನಿಂದ ಕೆಂಪು ತೊಟ್ಟಿಕ್ಕಿ ಗಂಡಿನ ಕೈ, ಬಿಳಿ ಪಂಚೆಯೆಲ್ಲ ರಕ್ತ ಚೆಲ್ಲಿದ ಹಾಗಾಯಿತು. ವಾಲಗ ನಿಂತುಹೋಯಿತು. ಹೆಂಗಸರು ಅಪಶಕುನ ಅಂತ ಗುಸುಗುಸು ಶುರುಮಾಡಿದರು. ತಾಳಿ ಇನ್ನೂ ತಟ್ಟೆಯಲ್ಲೇ ಇತ್ತು.

ಆಗ ಈ ಪುಣ್ಯಾತ್ಮರು ಹಸೆಮಣೆ ಹತ್ತಿರ ಬಂದು ಹೇಳಿದ್ದೇನು ಗೊತ್ತೇ? "ನಾನೇ ಉಜ್ಜಿ ನೋಡಿ ತಂದ ಸೀರೆ, ಅದರಲ್ಲಿ ಐಬಿಲ್ಲ. ಐಬಿರೋದು ಹುಡುಗಿ ಮೈಯಲ್ಲಿ. ಏಳಪ್ಪ, ತಾಳಿ ಕಟ್ಟಬೇಡ!"

ಥೂ! ತನ್ನ ಬೆರಳಿನ ಮರ್ಯಾದೆ ಉಳಿಯಲಿ ಅಂತ ನನ್ನ ಬಾಳು ಹಾಳುಮಾಡಲು ಹೊರಟಿದ್ದ ಮನುಷ್ಯ. ಅವರ ಕಾಲು ಹಿಡಿಯಲು ಅಪ್ಪ ಬಗ್ಗುತ್ತಿದ್ದರು. ಅದನ್ನು ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು. ಅವರ ಶಲ್ಯದ ತುದಿ ಎಳೆದು ಚೊಂಬಿನಲ್ಲಿ ಉಳಿದಿದ್ದ ಧಾರೆಯ ನೀರಲ್ಲಿ ಅದ್ದಿದೆ. ರವಿಕೆ ಕಣ ಮಡಿಕೆ ಬಿಚ್ಚದೆ ತಟ್ಟೆಯಲ್ಲೇ ಇತ್ತು, ನನ್ನ ಮೈ ಸೋಕಿರಲಿಲ್ಲ. ಅದರ ಮೇಲೆ ಶಲ್ಯವನ್ನು ಗಸಗಸ ಉಜ್ಜಿ, ಕೆಂಪಾದ ತುದಿಯನ್ನು ಅವರ ಎದೆಯ ಮೇಲೆ ಹಾಕಿದೆ.

"ಇದಕ್ಕೂ ನನ್ನ ಮೈಯೇ ಕಾರಣವೇನು?" ಅಂದೆ.

ನನ್ನ ಅತ್ತೆ ಶಲ್ಯವನ್ನು ನೋಡಿದರು, ಅಣ್ಣನ ಮುಖ ನೋಡಿದರು.

"ನೀನು ಆಚೆ ಹೋಗಿ ಕೂತ್ಕೊ ಅಣ್ಣ" ಅಂದರು. ಆಮೇಲೆ ಮಗನಿಗೆ, "ಕಟ್ಟು ಮಗಾ."

ನನ್ನವರು ಕೆಂಪಾದ ಕೈಯಲ್ಲೇ ತಾಳಿ ಕಟ್ಟಿದರು.