ಅಬೌಟ್ ಅಸ್ ಪುಟದ ಲ್ಯಾಟಿನ್ ಪ್ರಾರ್ಥನೆ

ಮಣ್ಣಗುಡ್ಡದ ಅಪೊಲೋನಿಯಾ ಬಾಯಿಗೆ ಹೆಸರಿನಲ್ಲಿರುವ ಬಾಯಿ ಸಾಲದೆಂದು ದೇವರು ಇನ್ನೊಂದನ್ನೂ ಧಾರಾಳವಾಗಿ ಕೊಟ್ಟಿದ್ದಾನೆ. ಕ್ರಿಸ್ಮಸ್ಸಿನ ಕುಸ್ವಾರ್, ಅಂದರೆ ನೆವ್ರಿ, ಕಿಡಿಯೊ, ಚಕ್ಕುಲಿಗಳ ತಿಂಡಿ ಪೊಟ್ಟಣ, ಅವರ ಕೈಯದ್ದೇ ಆಗಬೇಕೆಂದು ಹಟ ಹಿಡಿಯುವವರು ಊರಿಡೀ ಇದ್ದಾರೆ. ಆದರೆ ಪೊಟ್ಟಣದ ಮೇಲಿರುವುದು 'ಜೋನ್ಸ್ ಕುಸ್ವಾರ್'. ಜೋನ್ ಎಂದರೆ ಬಾಯಿಯ ಗಂಡ, ತೀರಿಕೊಂಡು ವರ್ಷಗಳಾದವು. ಬದುಕಿದ್ದಾಗ ಅವರು ಒಲೆಯ ಹತ್ತಿರ ಬರುತ್ತಿದ್ದುದು ಬೀಡಿ ಹಚ್ಚಲಿಕ್ಕೆ ಮಾತ್ರ.

ಈ ವರ್ಷ ಮಗ ಇರ್ವಿನ್ ವೆಬ್‌ಸೈಟ್ ಮಾಡಿಸಲು ಹೊರಟ. ಕಂಕನಾಡಿಯಲ್ಲಿ ಪುಟ್ಟ ಆಫೀಸಿಟ್ಟಿರುವ ಉಳ್ಳಾಲದ ರಾಹಿಲಾ ಲ್ಯಾಪ್‌ಟಾಪ್ ಹಿಡಿದು ಮನೆಗೇ ಬಂದು ಪಾಠ ಶುರುಮಾಡಿದಳು. ಮೇಲಿನ ಪಟ್ಟಿ ಹೆಡರ್, ಅಲ್ಲಿ ಅಂಗಡಿಯ ಹೆಸರು. ಮೆನು ಅಂದರೆ ಪುಟದಿಂದ ಪುಟಕ್ಕೆ ಹೋಗುವ ದಾರಿಗಳ ಸಾಲು. ಒತ್ತಿದರೆ ಬೇರೆಡೆಗೆ ಕರೆದೊಯ್ಯುವುದು ಲಿಂಕ್. ತಳದಲ್ಲಿ ಫೂಟರ್, ಅಲ್ಲಿ ವಿಳಾಸ, ಫೋನು. ಬಾಯಿ ಹಿಟ್ಟು ನಾದುತ್ತಲೇ ಎಲ್ಲ ಕಲಿತರು. ಮೆನುವಿನಲ್ಲಿ ತಿಂಡಿಯ ಹೆಸರೇ ಇಲ್ಲದ್ದಕ್ಕೆ ಮಾತ್ರ ಸ್ವಲ್ಪ ಹೊತ್ತು ಮುನಿಸಿಕೊಂಡರು.

ಹೆಡರಿನಲ್ಲಿ ಇರ್ವಿನ್ ಅಪ್ಪನ ಫೋಟೋ ಹಾಕಿಸಿದ್ದ, ಮದುವೆಯ ಸೂಟಿನದ್ದು. ಬಾಯಿ ಕನ್ನಡಕ ಏರಿಸಿ ನೋಡಿ, ಇವರನ್ನು ಫೂಟರಿಗೆ ಹಾಕಬಹುದಲ್ಲ, ಸಂಜೆಯಾದರೆ ಕೆಳಗೇ ಬಿದ್ದಿರುತ್ತಿದ್ದರು ಎಂದರು. ಇರ್ವಿನ್ ನಗಲಿಲ್ಲ. ಇಡೀ ಸೈಟಿನಲ್ಲಿ ಅಮ್ಮನ ಹೆಸರು ಎಲ್ಲೂ ಇಲ್ಲವೆಂಬುದು ಆ ಮಹಾನುಭಾವನಿಗೆ ಹೊಳೆಯಲೂ ಇಲ್ಲ. ಬಾಯಿಗೆ ಹೊಳೆದಿತ್ತು, ನೋವಾಗಿತ್ತು. ಮೀನು ಮಾರುವವರನ್ನೇ ಮಾತಿನಲ್ಲಿ ಸೋಲಿಸುವ ಹೆಂಗಸು ಇದೊಂದನ್ನು ಮಾತ್ರ ಬಾಯಿಬಿಟ್ಟು ಕೇಳಲಾರದೆ ಹೋದರು.

ಆಮೇಲೆ 'ಅಬೌಟ್ ಅಸ್', ಅಂದರೆ ನಮ್ಮ ಪರಿಚಯದ ಪುಟ ಬಂತು. ತೆರೆದರೆ ಲ್ಯಾಟಿನ್! ಲೋರೆಮ್ ಇಪ್ಸುಮ್ ಎಂದು ಶುರುವಾಗಿ ಉದ್ದಕ್ಕೂ ಅದೇ. ಬಾಯಿ ಹಿಟ್ಟಿನ ಕೈಯಲ್ಲೇ ಶಿಲುಬೆಯ ಗುರುತು ಹಾಕಿಕೊಂಡರು. ಅವರ ಬಾಲ್ಯದಲ್ಲಿ ಇಗರ್ಜಿಯ ಪೂಜೆ ಲ್ಯಾಟಿನ್‌ನಲ್ಲೇ ನಡೆಯುತ್ತಿತ್ತು. ಬ್ಯಾರಿ ಮುಸ್ಲಿಮರ ಹುಡುಗಿ ತನಗಾಗಿ ಹಳೇ ಪ್ರಾರ್ಥನೆ ಹುಡುಕಿ ತಂದಿದ್ದಾಳೆಂದು ಅವರ ಕಣ್ಣು ತುಂಬಿತು. ಅದನ್ನು ಚೀಟಿಗೆ ಬರೆದಿಟ್ಟುಕೊಂಡು, ಅಂದಿನಿಂದ ಸಂಜೆಯ ರೋಜರಿ ಜಪ ಮುಗಿದ ಮೇಲೆ ಅದನ್ನೂ ಓದತೊಡಗಿದರು, ನೆರೆಹೊರೆಯವರು ಆಮೆನ್ ಅಂದರು. ಒಬ್ಬರ ಸೊಂಟನೋವು ಕಡಿಮೆಯೂ ಆಯಿತಂತೆ.

ಸೈಟು ಬಿಡುಗಡೆಗೆ ಸಿದ್ಧವಾದಾಗ ರಾಹಿಲಾ ನಿಜ ಹೇಳಲೇಬೇಕಾಯಿತು.

"ಆಂಟಿ, ಅದು ಪ್ರಾರ್ಥನೆ ಅಲ್ಲ. ಅದಕ್ಕೆ ಅರ್ಥ ಅಂತ ಎಂತದ್ದೂ ಇಲ್ಲ. ಡಮ್ಮಿ ಟೆಕ್ಸ್ಟ್ ಅಂತ ಹೇಳ್ತಾರೆ. ನಿಜವಾದ ಮಾತು ಬರುವವರೆಗೆ ಜಾಗ ಹಿಡಿದಿಡ್ಲಿಕ್ಕೆ ಹಾಕುದು."

ಅರ್ಥವಿಲ್ಲದ್ದಕ್ಕೆ ಬಾಯಿ ತಲೆ ಕೆಡಿಸಿಕೊಳ್ಳಲಿಲ್ಲ. ಆಗಿನ ಪೂಜೆಯಾದರೂ ಯಾರಿಗೆ ಅರ್ಥವಾಗುತ್ತಿತ್ತು ಎಂದರು. ಅವರ ಮನಸ್ಸು ನಿಂತದ್ದು ಬೇರೆ ಮಾತಿನ ಮೇಲೆ.

"ಹಿಡಿದಿಟ್ಟದ್ದು ಯಾರ ಜಾಗ?"

"ತಿಂಡಿ ಮಾಡುವವರದ್ದು. ನಿಮ್ಮದು."

'ಸಂಸ್ಥಾಪಕ ಜೋನರ ದೂರದೃಷ್ಟಿ' ಎಂದು ಇರ್ವಿನ್ ಏನೋ ಬರೆದು ತಂದಿದ್ದ. ಅದನ್ನು ಯಾರೂ ಕೇಳಲಿಲ್ಲ. ಬಾಯಿ ಕೈ ತೊಳೆದು, ಸೆರಗು ಸರಿಮಾಡಿಕೊಂಡು, ಕುರ್ಚಿ ಎಳೆದು ಕೂತು ಹೇಳಿದರು. ರಾಹಿಲಾ ಒಂದಕ್ಷರ ಬಿಡದೆ ಟೈಪು ಮಾಡಿದಳು. ನಡುವೆ ತಡೆಯಲು ಹೋದ ಇರ್ವಿನ್ ಅಮ್ಮನ ಮುಖ ನೋಡಿ ತನ್ನ ಕಾಗದ ಮಡಚಿ ಜೇಬಿಗಿಟ್ಟ. ಆ ಪುಟದಲ್ಲಿ ಈಗ ಇರುವುದು ಇಷ್ಟೇ:

"ನನ್ನ ಹೆಸರು ಅಪೊಲೋನಿಯಾ. ಜೋನ್ ಕುಡಿಯುತ್ತಿದ್ದರು, ನಾನು ಕರಿಯುತ್ತಿದ್ದೆ. ಆರ್ಡರಿಗೆ ನನಗೇ ಫೋನ್ ಮಾಡಿ."