ಮೊಣಕಾಲು ಅಳೆದು ಕಟ್ಟಿದ ಕಟ್ಟೆ

ಬೆಳಗಿನ ಐದೂಮುಕ್ಕಾಲು. ವಸತಿ ಕಟ್ಟಡದ ಮೂರನೇ ಮಹಡಿಯಲ್ಲಿ ಹೆಂಗಸೊಬ್ಬರು ನೆಲದ ಮೇಲೆ ಕೂತು, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಸಿಮೆಂಟು ಕಟ್ಟೆಯನ್ನು ಉಜ್ಜುತ್ತಿದ್ದಾರೆ. ಕಟ್ಟೆಯ ಮೇಲೆ ಕೆಂಪು ಬಣ್ಣದ ಕತ್ತರಿ ಗುರುತು. ಒಡೆಯಬೇಕಾದ ಜಾಗಕ್ಕೆ ಕಚೇರಿಯವರು ಹಾಕುವ ಗುರುತು ಅದು. ಇಂಥವು ಹದಿನಾರಿದ್ದವು. ಇದು ಒಂಬತ್ತನೆಯದು.

"ಕೆಲಸದವರು ಸೋಮವಾರ ಬಂದು ಅಳಿಸ್ತಾರೆ ಅಂದ್ರು. ಅಲ್ಲೀವರೆಗೆ ನನಗೆ ನಿದ್ದೆ ಬರಬೇಕಲ್ಲ?"

ಈ ಕಟ್ಟಡದ ನಕ್ಷೆ ಬರೆದವರೇ ಇವರು. ವಸತಿ ಕಚೇರಿಯಲ್ಲಿ ಮೂವತ್ತೊಂದು ವರ್ಷದಿಂದ ವಾಸ್ತುಶಿಲ್ಪಿ. ಕೆಳಗಿನ ಉದ್ಘಾಟನೆಯ ಕಲ್ಲಿನಲ್ಲಿ ಹನ್ನೊಂದು ಹೆಸರುಗಳಿವೆ, ಇವರದಿಲ್ಲ. ಇಲ್ಲಿನ ಅರವತ್ತನಾಲ್ಕು ಮನೆಗಳವರಿಗೆ ಇವರು ಬರೀ 'ನಕ್ಷೆ ಅಕ್ಕ'.

ಕಟ್ಟೆಯ ಕಥೆ ಶುರುವಾಗುವುದು ಒಂದು ತಪ್ಪಿನಿಂದ. ಇವರ ಮೊದಲ ಕಟ್ಟಡದಲ್ಲಿ ಮನೆಮನೆಗೂ ನಲ್ಲಿ ಬಂತು, ಬೀದಿ ನಲ್ಲಿ ಹೋಯಿತು. ಮೆಟ್ಟಿಲು ಇಬ್ಬರು ಹಾಯುವಷ್ಟೇ ಅಗಲ. ಎಲ್ಲರೂ ಹೊಗಳಿದರು. ಎರಡು ವರ್ಷದ ನಂತರ ಅಲ್ಲಿ ತಾತನೊಬ್ಬರು ಬಚ್ಚಲಲ್ಲಿ ಜಾರಿ ಬಿದ್ದರು. ಪಕ್ಕದವರಿಗೆ ತಿಳಿದದ್ದು ಎರಡು ದಿನ ಕಳೆದ ಮೇಲೆ. ಪುಣ್ಯಕ್ಕೆ ಬದುಕಿಕೊಂಡರು.

"ನೀರಿಗೆ ನಿಂತಾಗ ಯಾರು ಬಂದಿಲ್ಲ ಅಂತ ಗೊತ್ತಾಗ್ತಿತ್ತು. ನಾನು ನಲ್ಲಿ ಕೊಟ್ಟು ಆ ಮಾತುಕತೆ ಕಿತ್ಕೊಂಡೆ. ಕಟ್ಟಡ ಮಾತಾಡುತ್ತೆ ನೋಡಿ. ಇಕ್ಕಟ್ಟು ಮೆಟ್ಟಿಲು 'ನಡಿ ನಡಿ' ಅನ್ನುತ್ತೆ. ಕಟ್ಟೆ 'ಕೂತ್ಕೋ' ಅನ್ನುತ್ತೆ."

ಹಾಗಾಗಿ ಇಲ್ಲಿ ಪ್ರತಿ ಮಹಡಿಯಲ್ಲೂ ಬಾಗಿಲುಗಳ ಎದುರಿನ ಜಾಗವನ್ನು ಒಂದೂವರೆ ಅಡಿ ಹೆಚ್ಚಿಸಿದರು. ಅಡುಗೆಮನೆಯ ಕಿಟಕಿಗಳನ್ನು ಅತ್ತ ತಿರುಗಿಸಿ, ಕೆಳಗೊಂದು ಕಟ್ಟೆ ಇಟ್ಟರು. ಎತ್ತರ ಪುಸ್ತಕದಿಂದ ಬಂದದ್ದಲ್ಲ. ಟೇಪು ಹಿಡಿದು ನಲವತ್ತು ಮುದುಕಿಯರ ಮೊಣಕಾಲು ಅಳೆದರು. "ಕೂತ್ರೆ ಕಾಲು ತೂಗಾಡಬಾರದು, ಏಳುವಾಗ ಕೈ ಕೊಡಿ ಅಂತ ಯಾರನ್ನೂ ಕರೀಬಾರದು." ಲೆಕ್ಕ ಹದಿನಾರೂವರೆ ಇಂಚಿಗೆ ಬಂದು ನಿಂತಿತು.

ಕಳೆದ ತಿಂಗಳು ಕಚೇರಿಗೆ ಅದು 'ವ್ಯರ್ಥ ಜಾಗ'ವಾಗಿ ಕಂಡಿತು. ಕಟ್ಟೆ ಒಡೆದು ಉಗ್ರಾಣದ ಕೋಣೆ ಕಟ್ಟಬೇಕೆಂದು ಆದೇಶವಾಯಿತು. ನಕ್ಷೆ ಅಕ್ಕ ಬರೆದ ಮೂರು ಪತ್ರಗಳಿಗೂ ಉತ್ತರವಿಲ್ಲ. ಮಂಗಳವಾರ ಮುಖ್ಯ ಎಂಜಿನಿಯರ್ ಕಡೆಯದಾಗಿ ನೋಡಲು ಬಂದರು. ಲಿಫ್ಟ್ ಇಲ್ಲ, ದೇಹ ಭಾರ. ಮೂರನೇ ಮಹಡಿಗೆ ಬರುವಷ್ಟರಲ್ಲಿ ಏದುಸಿರು ಬಂದು ಕಟ್ಟೆಯ ಮೇಲೆ ಕುಸಿದು ಕೂತರು. ಕಿಟಕಿಯಿಂದ ಒಂದು ಲೋಟ ನೀರು ಹೊರಬಂತು.

"ಉಸ್ಸಪ್ಪಾ, ಕೂರೋಕೆ ಜಾಗ ಇತ್ತಲ್ಲ, ಬದುಕಿದೆ" ಎಂದರು ಸಾಹೇಬರು.

"ಕುಡೀರಿ ಸ್ವಾಮಿ, ನಿಧಾನಕ್ಕೆ ಕುಡೀರಿ" ಎಂದರು ಕಿಟಕಿಯ ಒಳಗಿದ್ದ ಎಂಬತ್ತರ ಅಜ್ಜಿ. "ಇದನ್ನ ಒಡೆಯೋಕೆ ಯಾರೋ ಸಾಹೇಬ್ರು ಬರ್ತಾರಂತೆ. ಅವರು ಬರೋದ್ರೊಳಗೆ ಸುಧಾರಿಸ್ಕೊಳ್ಳಿ."

ಸಾಹೇಬರು ನೀರು ಕುಡಿದು ಲೋಟವನ್ನು ಕಿಟಕಿಯಲ್ಲಿಟ್ಟರು. ನಾಲ್ಕನೇ ಮಹಡಿಗೆ ಹತ್ತಲಿಲ್ಲ. ನಿನ್ನೆ ಸಂಜೆ ಒಂದೇ ಸಾಲಿನ ಕಾಗದ ಬಂತು: ಕಟ್ಟೆ ಇದ್ದಂತೆಯೇ ಇರಲಿ.

"ಓದಿ ಮುಗಿಸಿದ ಮೇಲೇ ಗೊತ್ತಾಗಿದ್ದು, ತಿಂಗಳಿಂದ ಹಲ್ಲು ಕಚ್ಕೊಂಡಿದ್ದೀನಿ ಅಂತ" ಎಂದು ನಕ್ಷೆ ಅಕ್ಕ ದವಡೆ ಸವರಿಕೊಳ್ಳುತ್ತಾರೆ.

ಅವರು ಇಂದಿಗೂ ಇರುವುದು ಆ ಮೊದಲ ಕಟ್ಟಡದಲ್ಲೇ. "ನನ್ನ ತಪ್ಪಲ್ಲಿ ನಾನೇ ಬಾಡಿಗೆಗಿದ್ದೀನಿ" ಎಂದು ನಗುತ್ತಾರೆ. ನಿವೃತ್ತಿಗೆ ಎಂಟು ತಿಂಗಳಿದೆ. ಆಮೇಲೆ ಇಲ್ಲೊಂದು ಮನೆ ಸಿಕ್ಕರೆ ಸಾಕು ಎಂಬ ಆಸೆ. ಆದರೆ ಕಟ್ಟಿದ ಮೇಲಿನ ಏಳು ವರ್ಷದಲ್ಲಿ ಇಲ್ಲಿ ಒಂದು ಮನೆಯೂ ಖಾಲಿಯಾಗಿಲ್ಲ.

ಕಿಟಕಿ ತೆರೆದುಕೊಳ್ಳುತ್ತದೆ. "ಖಾಲಿಯಾಗ್ಬೇಕಾದ್ರೆ ನಾನೇ ಹೋಗ್ಬೇಕು ಕಣೇ. ಅಷ್ಟೊಂದು ಅವಸರವೇನೇ ನಿಂಗೆ?" ಎನ್ನುತ್ತಾರೆ ಅಜ್ಜಿ.

"ಬೇಡಮ್ಮ, ನೂರು ವರ್ಷ ಇರಿ. ನಾನು ಹೊರಗೇ ಇರ್ತೀನಿ."

ಬಟ್ಟೆ ಪಕ್ಕಕ್ಕಿಟ್ಟು, ಆಗಷ್ಟೇ ಒರೆಸಿದ ಕಟ್ಟೆಯ ಮೇಲೆ ನಕ್ಷೆ ಅಕ್ಕ ಕೂರುತ್ತಾರೆ. ಎರಡೂ ಪಾದ ಸರಿಯಾಗಿ ನೆಲಕ್ಕೆ ಮುಟ್ಟುತ್ತವೆ.