ಶ್ರೀಕಂಠಯ್ಯನವರ ದೋಷದ ಪುಸ್ತಕ

ಕೆ.ಆರ್. ಪುರದ ಆಚೆಗಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಶ್ರೀಕಂಠಯ್ಯನವರು ಲ್ಯಾಬ್ ಬೋಧಕರು. ಅದಕ್ಕೂ ಮೊದಲು ಮೂವತ್ತನಾಲ್ಕು ವರ್ಷ ಸರ್ಕಾರಿ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಅಲ್ಲಿಂದ ಎರಡು ರೂಢಿಗಳನ್ನು ಜೊತೆಗೆ ತಂದಿದ್ದರು: ಆಯುಧಪೂಜೆಗೆ ಪ್ರತಿ ಯಂತ್ರಕ್ಕೂ ಕುಂಕುಮವಿಡುವುದು, ಯಂತ್ರ ಕೆಟ್ಟರೆ ದೋಷವನ್ನೂ ಅದಕ್ಕೆ ಕಾರಣರಾದವರ ಹೆಸರನ್ನೂ ಪುಸ್ತಕದಲ್ಲಿ ಬರೆಯುವುದು.

ಮಕ್ಕಳ ಜೋಡಣೆ ಆಟಿಕೆಗಳನ್ನು ಲ್ಯಾಬಿಗೆ ತಂದವರೂ ಅವರೇ. ದೊಡ್ಡ ಯಂತ್ರದ ಮುಂದೆ ವಿದ್ಯಾರ್ಥಿಗಳು ಕೈಕಟ್ಟಿ ನಿಲ್ಲುತ್ತಾರೆ. ಆಟಿಕೆಯಾದರೆ ಬಿಚ್ಚಿ ನೋಡುತ್ತಾರೆ. ಮೇಜಿನ ಮೇಲೆ, ಆಟಿಕೆಯ ತುಂಡುಗಳಿಂದಲೇ ಜೋಡಿಸಿದ ಅಂಗೈಯಗಲದ ಪಟ್ಟಿಯೊಂದು ಓಡುತ್ತಿತ್ತು. ಅದರ ಮೇಲೆ ಬರುವ ಬಿಲ್ಲೆಗಳ ಬಣ್ಣವನ್ನು ಪಕ್ಕದ ಸೆನ್ಸರ್ ಗುರುತಿಸಿದರೆ, ಪುಟ್ಟ ತೋಳೊಂದು ಕೆಂಪನ್ನು ಒಂದು ಡಬ್ಬಿಗೆ, ಬಿಳಿಯನ್ನು ಇನ್ನೊಂದಕ್ಕೆ ತಳ್ಳುತ್ತಿತ್ತು.

ವಿಭಾಗದ ಮುಖ್ಯಸ್ಥೆ ಧನಲಕ್ಷ್ಮಿಯವರಿಗೆ ಇದು ಮುಜುಗರ. "ದಸರಾ ಮುಗೀತಿದ್ದಂಗೆ ತಪಾಸಣೆ ತಂಡ ಬರುತ್ತೆ ರೀ. ಇದೇನು ಅಂಗನವಾಡಿನಾ ಅಂದ್ರೆ ಏನ್ ಹೇಳ್ಲಿ? ಅವತ್ತು ಸರಿಯಾಗಿ ಓಡಿದ್ರೆ ಇರ್ಲಿ. ಇಲ್ಲಾಂದ್ರೆ ಎಲ್ಲಾ ಸ್ಟೋರ್‌ಗೆ."

ತಪಾಸಣೆಯ ದಿನ ಪಟ್ಟಿ ಓಡಿತು, ಆದರೆ ಸರಿಯಾಗಿ ಅಲ್ಲ. ಬಿಳಿಯ ಬಿಲ್ಲೆಗಳೂ ಕೆಂಪಿನ ಡಬ್ಬಿಗೇ ಬಿದ್ದವು. ತಂಡದ ಮೂವರು ಮುಖ ಮುಖ ನೋಡಿಕೊಂಡರು. ಶ್ರೀಕಂಠಯ್ಯನವರ ಕೈ ಮುಂದೆ ಹೋಗಿ ಹಿಂದೆ ಬಂತು. ಕೆಟ್ಟದ್ದನ್ನು ವಿದ್ಯಾರ್ಥಿಗಳೇ ಹುಡುಕಬೇಕೆಂಬ ನಿಯಮ ಅವರದೇ.

ಶಿವಾಜಿನಗರದಿಂದ ಎರಡು ಬಸ್ಸು ಹಿಡಿದು ಬರುವ ವಿದ್ಯಾರ್ಥಿನಿ ಮಿಸ್ಬಾ ಮೇಜಿಗೆ ಬಾಗಿದಳು. "ಪಟ್ಟಿ ಓಡ್ತಿದೆ, ಮೋಟರ್ ಓಕೆ. ತೋಳೂ ತಳ್ತಿದೆ. ಬಿಳೀನ ಕೆಂಪು ಅಂತಿದೆ ಅಂದ್ರೆ, ನೋಡೋದ್ರಲ್ಲೇ ಪ್ರಾಬ್ಲಮ್." ಸೆನ್ಸರನ್ನು ತನ್ನತ್ತ ತಿರುಗಿಸಿದವಳು ತಡೆದು ನಿಂತಳು. ಅದರ ಗಾಜಿನ ಮೇಲೆ ತೆಳ್ಳಗೆ, ದುಂಡಗೆ ಕುಂಕುಮ.

"ಸರ್... ಒರೆಸ್ಲಾ? ನೀವು ಪೂಜೆ ಮಾಡಿದ್ದು."

"ಒರೆಸಮ್ಮ. ಹಣೆ ಯಾವ್ದು, ಕಣ್ಣು ಯಾವ್ದು ಗೊತ್ತಾಗ್ದೆ ಇಟ್ಬಿಟ್ಟಿದೀನಿ."

ಕನ್ನಡಕದ ಬಟ್ಟೆಯಿಂದ ಒರೆಸಿದಳು. ಬಿಳಿ ತನ್ನ ಡಬ್ಬಿ ಸೇರಿತು. ತಂಡದ ಹಿರಿಯರೊಬ್ಬರು ನಕ್ಕರು, ಧನಲಕ್ಷ್ಮಿ ನಗಲಿಲ್ಲ. ಇಷ್ಟಕ್ಕೇ ಬಿಟ್ಟಿದ್ದರೆ ಮಾತು ಮುಗಿಯುತ್ತಿತ್ತು. ಶ್ರೀಕಂಠಯ್ಯನವರು ದೋಷದ ಪುಸ್ತಕವನ್ನು ಮಿಸ್ಬಾಳ ಮುಂದಿಟ್ಟರು. ದೋಷ ಬರೆದ ಅವಳ ಪೆನ್ನು ಕಾರಣದ ಬಳಿ ನಿಂತಿತು.

"ಹೋದ್ ತಿಂಗಳು ನಿನ್ ಹೆಸ್ರು ಬರ್ಸೋವಾಗ ನಾನು ಹಿಂದೆ ಮುಂದೆ ನೋಡಿದ್ನಾ? ಬರಿ."

'ಕಾರಣ: ಶ್ರೀಕಂಠಯ್ಯ' ಎಂದು ಬರೆದಳು.

ಹಿರಿಯರು ಆ ಪುಟ ಓದಿದರು, ಹಿಂದಿನದನ್ನು ತಿರುವಿದರು, ಬಳಿಕ ಕುರ್ಚಿ ಎಳೆದುಕೊಂಡು ಕೂತರು. ಊಟಕ್ಕೆ ಕರೆಯಲು ಎರಡು ಸಲ ಜನ ಬಂದು ಹೋದರು.

ಸಂಜೆ ಶ್ರೀಕಂಠಯ್ಯನವರು ಆಟಿಕೆಗಳನ್ನು ತಾವೇ ಪೆಟ್ಟಿಗೆಗೆ ತುಂಬತೊಡಗಿದ್ದಾಗ ಧನಲಕ್ಷ್ಮಿ ಬಾಗಿಲಲ್ಲಿ ನಿಂತರು.

"ಅದನ್ನ ಯಾಕ್ರೀ ತುಂಬ್ತಿದೀರಾ? ನಾಳೆ ಕ್ಲಾಸಿಲ್ವಾ?" ಎರಡು ಹೆಜ್ಜೆ ನಡೆದು ತಿರುಗಿದರು. "ಮುಂದಿನ್ ವರ್ಷ ಕುಂಕುಮ ಮೇಜಿನ ಕಾಲಿಗಿಡಿ."